ತಲೆ ಅಂಗಡಿಯ ಮಾವ

ನನ್ನ ಸೋದರಮಾವ ವಿಗ್ ಕಟ್ಟುವ ಕೆಲಸದವನು. ಅವನ ಅಂಗಡಿಗೆ ಬೋರ್ಡಿಲ್ಲ. ಬಾಗಿಲು ತಳ್ಳಿದರೆ ಎದುರಿನ ಹಲಗೆಯ ಮೇಲೆ ಕಣ್ಣು ಮೂಗಿಲ್ಲದ ಮರದ ತಲೆಗಳು ಸಾಲಾಗಿ ಕೂತಿರುತ್ತವೆ. ಹಾಗಾಗಿ ಬೀದಿಯವರಿಗೆಲ್ಲ ಅದು ತಲೆ ಅಂಗಡಿ, ಅವನು ತಲೆ ಮಾವ. ಹೊಸಬರು ಯಾರಾದರೂ ದಾರಿ ಕೇಳಿದರೆ ನನ್ನ ಅಪ್ಪ, "ತಲೆ ಕೆಟ್ಟೋರು ಹೋಗೋ ಅಂಗಡಿ ತಾನೆ? ಅಗೋ, ಆ ಮೂಲೇಲಿ" ಎಂದು ಕೈ ತೋರಿಸುತ್ತಿದ್ದರು. ಮಾವ ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಂಡವನಲ್ಲ.

ನೋಡುವವರಿಗೆ ಅದು ಕೆಲಸದ ಹಾಗೆ ಕಾಣುವುದೇ ಇಲ್ಲ. ಮರದ ತಲೆಯ ಮೇಲೆ ತೆಳ್ಳಗಿನ ಬಲೆಬಟ್ಟೆ ಬಿಗಿದು, ಕೊಕ್ಕೆ ಸೂಜಿಯಿಂದ ಒಂದೊಂದೇ ಕೂದಲು ಎಳೆದು ಗಂಟು ಹಾಕುತ್ತ ಕೂರುವುದು. ಬೆಳಿಗ್ಗೆ ಕೂತವನು ಊಟಕ್ಕೆ ಏಳುವ ಹೊತ್ತಿಗೆ ಅಂಗೈಯಗಲ ತುಂಬಿದ್ದರೆ ಅವತ್ತು ಕೆಲಸ ಚೆನ್ನಾಗಿ ಸಾಗಿದೆ ಎಂದು ಅರ್ಥ. ಬೇರಿನ ಕಡೆ ಯಾವುದು, ತುದಿಯ ಕಡೆ ಯಾವುದು ಎಂಬುದು ಮಾತ್ರ ಅದಲುಬದಲಾಗಬಾರದು. ಹಾಗಾಯಿತೋ, ನಾಲ್ಕೇ ದಿನದಲ್ಲಿ ಇಡೀ ವಿಗ್ಗು ಗೋಜಲು. ಅದಕ್ಕೇ ಕೂದಲು ಕತ್ತರಿಸಿದ ಕೂಡಲೇ ಬೇರಿನ ಕಡೆಗೆ ಕೆಂಪು ದಾರ ಕಟ್ಟಿಬಿಡುತ್ತಿದ್ದ. ನಾಟಕದವರು, ಕಾಯಿಲೆಯಿಂದ ಕೂದಲು ಕಳಕೊಂಡ ಹೆಂಗಸರು, ಬೋಳುತಲೆಗೆ ನಾಚುವ ಗಂಡಸರು ಎಲ್ಲರೂ ಅವನ ಗಿರಾಕಿಗಳೇ. ಅವನು ಅಂಟು ಹಚ್ಚಿ ಕೂರಿಸಿದ ವಿಗ್ಗು ಬಿರುಗಾಳಿಗೂ ಜಾರುವುದಿಲ್ಲ. ಜಂಬವೆಂದು ಅವನಲ್ಲಿ ಏನಾದರೂ ಇದ್ದರೆ ಅದೊಂದೇ.

ನನ್ನ ಅಮ್ಮ ಅವನಿಗೆ ಅಕ್ಕ. ಚಿಕ್ಕಂದಿನಲ್ಲೇ ಹೆತ್ತವರು ತೀರಿಕೊಂಡಾಗ ಅಮ್ಮ ಓದು ಬಿಟ್ಟು ಲಾಂಡ್ರಿಯ ಕೆಲಸಕ್ಕೆ ಸೇರಿ ತಮ್ಮನನ್ನು ಸಾಕಿದಳು. ಮಾವ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, "ಒಬ್ಬಳು ಅಕ್ಕನ ಕೈಲಿ ಬೈಸ್ಕೊಳ್ಳೋಕೇ ದಿನ ಸಾಲಲ್ಲ" ಎನ್ನುತ್ತಿದ್ದ. ಎರಡು ಹೊತ್ತಿನ ಊಟ ನಮ್ಮ ಮನೆಯಲ್ಲೇ. ಅವನಿಗಿದ್ದ ಸಂಸಾರವೆಂದರೆ ಅಮ್ಮ, ಅವಳ ಹಿಂದೆ ಅಪ್ಪ, ಮಗಳು ನಾನು.

ಅಮ್ಮನ ಕೂದಲು ಹುಲ್ಲು ಬೆಳೆದ ಹಾಗೆ ಬೆಳೆಯುತ್ತಿತ್ತು. ಲಾಂಡ್ರಿಯಲ್ಲಿ ದಿನವಿಡೀ ಕುದಿನೀರಿನ ಆವಿ, ಇಸ್ತ್ರಿ ಯಂತ್ರದ ಝಳ. ತಲೆಗೆ ಕಟ್ಟಿದ ಬಟ್ಟೆಯೊಳಗೆ ಕೂದಲು ಬೆವರಿ ತೊಪ್ಪೆಯಾಗುತ್ತಿತ್ತು. ಅದಕ್ಕೇ ಪ್ರತಿ ಬೇಸಿಗೆಯಲ್ಲಿ ತಮ್ಮನ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತು, "ಕತ್ತರಿಸಿ ಬಿಸಾಕೋ" ಎನ್ನುತ್ತಿದ್ದಳು. ಅವನು ಕತ್ತರಿಸುತ್ತಿದ್ದ, ಬಿಸಾಕುತ್ತಿರಲಿಲ್ಲ. ನಾಟಕದ ಮೀಸೆಗಾಗುತ್ತದೆ ಎಂದು ಕಟ್ಟಿಡುತ್ತಿದ್ದ. ಲಾಂಡ್ರಿಯ ಬಟ್ಟೆ ಸೋಪಿನಲ್ಲೇ ಅವಳು ತಲೆ ತೊಳೆಯುತ್ತಿದ್ದುದು ಅವನಿಗೆ ಸಂಕಟ.

"ಅಕ್ಕ, ಈ ಸೋಪು ಹಾಕಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ? ಕೂದಲು ಪೊರಕೆ ಆಗಿದೆ."

"ಯಾವನೋ ಕಳ್ಳನ ಪಾತ್ರದವನ ಮೀಸೆಗೆ ತಾನೆ? ಅವನಿಗೆ ಇದು ಹೆಚ್ಚೇ ಆಯ್ತು."

ಇಷ್ಟು ಹೇಳಿದ ಮೇಲೆ ಒಬ್ಬ ಸಿನಿಮಾ ನಟರ ವಿಷಯಕ್ಕೆ ಬರಬೇಕು. ಅಮ್ಮ ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. 'ನಮ್ಮವರು' ಎನ್ನುತ್ತಿದ್ದಳು. "ಶುಕ್ರವಾರ ನಮ್ಮವರ ಪಿಕ್ಚರ್ ಬರುತ್ತೆ" ಎಂದು ಅವಳು ಅಂದಾಗ ಅಪ್ಪ ಪೇಪರಿನ ಹಿಂದಿನಿಂದ, "ಹಾಗಾದ್ರೆ ನಾನು ಯಾರವನು ಅಂತ ಯಾರಾದ್ರೂ ಹೇಳ್ತೀರಾ?" ಎಂದು ಕೇಳುತ್ತಿದ್ದರು. ಅಮ್ಮನಿನ್ನೂ ಹುಡುಗಿಯಾಗಿದ್ದಾಗ ಬಂದ ಅವರ ಮೊದಲ ಸಿನಿಮಾದಲ್ಲಿ ಒಂದು ದೋಣಿಯ ದೃಶ್ಯವಿತ್ತಂತೆ. ಗಾಳಿಗೆ ಅವರ ಮುಂಗೂದಲು ಎದ್ದು ಎಡಕ್ಕೆ ಬಳುಕಿ ಹಣೆಯ ಮೇಲೆ ಬಿತ್ತಂತೆ. ಪಕ್ಕದಲ್ಲಿದ್ದ ಗೆಳತಿ, "ಅಯ್ಯೋ, ನಿನ್ನ ಕೂದಲೂ ಹೀಗೇ ಬಳುಕುತ್ತಲ್ಲೇ" ಅಂದಳಂತೆ. ಅಷ್ಟೇ. ಬೇರೆ ಯಾವ ಕಾರಣವೂ ಇಲ್ಲ. ಒಂದು ಹಿಡಿ ಕೂದಲಿನಿಂದ ಶುರುವಾದ ಹುಚ್ಚು ಜೀವಮಾನವಿಡೀ ಬಿಡಲಿಲ್ಲ. ನನಗೆ ಸಿನಿಮಾದವರ ಮೋಹವಿಲ್ಲ, ಹಾಗಾಗಿ ಅಮ್ಮನನ್ನು ಕಂಡರೆ ಆಗೀಗ ನಗು ಬರುತ್ತಿತ್ತು, ಆಗೀಗ ರೇಗುತ್ತಿತ್ತು.

ನಾನು ಹುಟ್ಟುವ ಮೊದಲೇ ಆ ನಟರ ಕೂದಲು ಉದುರಿಹೋಗಿತ್ತು.

ಅವರ ಮೇಕಪ್‌ನವನು ಹುಡುಕಿಕೊಂಡು ಬಂದು ಮಾವನನ್ನು ಅವರ ಮನೆಗೆ ಕರೆದುಕೊಂಡು ಹೋದ. ಒಳಕೋಣೆಯ ಬಾಗಿಲು ಹಾಕಿದ ಮೇಲೆ ಅವರು ಟೋಪಿ ತೆಗೆದು ಕುರ್ಚಿಯಲ್ಲಿ ಕೂತರಂತೆ. ಥಿಯೇಟರಿನ ಮುಂದಿನ ಬೆಂಚಿನಲ್ಲಿ ಶಿಳ್ಳೆ ಹೊಡೆದ ಮಾವ ಈಗ ಅದೇ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಅಳತೆ ತೆಗೆಯಬೇಕಿತ್ತು. ಅವನು ಅಳತೆಯ ಟೇಪನ್ನು ತಲೆಕೆಳಗಾಗಿ ಹಿಡಿದದ್ದನ್ನು ಕಂಡು ಅವರೇ ಮಾತು ತೆಗೆದರಂತೆ.

"ನಿಮ್ಮನೇಲಿ ಯಾರಾದ್ರೂ ನನ್ನ ಪಿಕ್ಚರ್ ನೋಡ್ತಾರಾ?"

"ನಮ್ಮಕ್ಕ ನೋಡ್ತಾಳೆ ಸಾರ್. ಒಂದೂ ಬಿಟ್ಟಿಲ್ಲ."

"ಹಾಗಾದ್ರೆ ಅವರಿಗೆ ಮಾತ್ರ ಹೇಳಬೇಡಿ."

ಮಾವ ಬಾಯಿಗೆ ಬೀಗ ಹಾಕಿಕೊಂಡ. ಆದರೆ ಕೆಲಸ ಕೈಗೆ ಹತ್ತಲಿಲ್ಲ. ಕೊಂಡು ತಂದ ಕೂದಲು ಯಾವುದೂ ಆ ಬಳುಕಿಗೆ ಬಗ್ಗಲಿಲ್ಲ. ಬಿಸಿ ಕೊಟ್ಟು ಬಗ್ಗಿಸಿದರೆ ಸ್ಟುಡಿಯೋ ದೀಪದ ಕೆಳಗೆ ಸೋತು ಚಪ್ಪಟೆಯಾಗುತ್ತಿತ್ತು. ಅವನು ಕೈಚೆಲ್ಲಿ ಕೂತಿದ್ದ ದಿನಗಳಲ್ಲೇ ಅಮ್ಮ ಬಂದು, "ಸೆಕೆ, ಕತ್ತರಿಸಿ ಬಿಸಾಕೋ" ಎಂದಳು. ಕತ್ತರಿಸಿದ ಕೂದಲು ಕಾಗದದ ಮೇಲೆ ಬಿದ್ದು, ತಾನಾಗಿ ಎಡಕ್ಕೆ ಬಳುಕಿ ನಿಂತಿತು. ಮಾವ ಅದನ್ನೇ ನೋಡಿದ. ಕೆಂಪು ದಾರ ಕಟ್ಟಿ ಎತ್ತಿಟ್ಟ.

ಆಮೇಲಿನ ಸಿನಿಮಾಗಳಲ್ಲೆಲ್ಲ ಗಾಳಿಗೆ ಹಾರಿದ್ದು ನನ್ನ ಅಮ್ಮನ ಕೂದಲು.

ಅವಳಿಗೆ ಅದು ಗೊತ್ತಿರಲಿಲ್ಲ. ಲಾಂಡ್ರಿಯಲ್ಲಿ ಒಬ್ಬಾಕೆ, "ಅವರದ್ದು ವಿಗ್ಗಂತೆ ಕಣ್ರೀ" ಎಂದು ಮೂಗು ಮುರಿದಾಗ ಅಮ್ಮ ದೊಡ್ಡ ರಂಪ ಮಾಡಿ ಅವಳನ್ನು ತಮ್ಮನ ಅಂಗಡಿಗೇ ಎಳೆದುಕೊಂಡು ಬಂದಳು. "ವಿಗ್ ಕಟ್ಟೋನೇ ನನ್ನ ತಮ್ಮ. ಕೇಳು ಇವನನ್ನ. ಹೇಳೋ, ಅದು ನಿಜವಾದ ಕೂದಲಾ ಅಲ್ವಾ?" ಮಾವ ಸೂಜಿಯಿಂದ ತಲೆಯೆತ್ತದೆ, "ನಿಜವಾದ ಕೂದಲೇ ಅಕ್ಕ" ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹೊಸ ವಿಗ್ಗು ಕೊಡುವಾಗೊಮ್ಮೆ ಆ ನಟರೇ ಕೇಳಿದರಂತೆ, ಇದು ಯಾರ ಕೂದಲು, ಇಷ್ಟು ಸರಿಯಾಗಿ ಹೇಗೆ ಹೊಂದಿತು ಎಂದು. ಮಾವ ಅವರ ಹತ್ತಿರ ಮುಚ್ಚಿಡಲಿಲ್ಲ. ಅವರು ವಿಗ್ಗನ್ನು ಮರದ ತಲೆಯ ಮೇಲೆ ಮೆಲ್ಲಗೆ ಇಟ್ಟರಂತೆ. ಅವತ್ತಿನಿಂದ ಮಾವ ಹೋದಾಗಲೆಲ್ಲ ಅವರ ಮೊದಲ ಮಾತು ಒಂದೇ: "ನಿಮ್ಮಕ್ಕ ಹೇಗಿದ್ದಾರೆ?"

ಅಮ್ಮನ ಕಿವಿಯ ಬದಿಯ ಕೂದಲು ನೆರೆಯತೊಡಗಿತು, ಆಮೇಲೆ ನೆತ್ತಿಯದ್ದೂ. ಮಾವ ಅದಕ್ಕೆ ಕಪ್ಪು ಹಾಕಿ ಗಂಟು ಹಾಕುತ್ತಿದ್ದ. ಪರದೆಯ ಮೇಲೆ ನಟರ ಗಲ್ಲ ಜೋತಿತು, ಕಣ್ಣಿನ ಕೆಳಗೆ ಚೀಲ ಬಂತು. ಹಣೆಯ ಮೇಲಿನ ಬಳುಕು ಮಾತ್ರ ದೋಣಿಯ ದಿನದಲ್ಲಿ ಹೇಗಿತ್ತೋ ಹಾಗೇ ಇತ್ತು. ಅಷ್ಟರಲ್ಲಿ ಮಾವನ ಕಣ್ಣು ಮಂಜಾಗಿತ್ತು. ನಾನು ಔಷಧಿ ಅಂಗಡಿಯ ಕೆಲಸ ಬಿಟ್ಟು ಅವನ ಹತ್ತಿರ ಸೂಜಿ ಹಿಡಿಯಲು ಕಲಿತೆ. ಮುಂದಲೆಯ ಅಂಚಿನ ಸೂಕ್ಷ್ಮ ಗಂಟುಗಳಿಗೆ ನನ್ನ ಕಣ್ಣು ಬೇಕಾದಾಗ, ಬೇರೆ ದಾರಿಯಿಲ್ಲದೆ, ಅದು ಯಾರ ತಲೆಗೆ, ಯಾರ ಕೂದಲು ಎಂದು ಹೇಳಿದ. ನಾನೂ ಬಾಯಿ ಮುಚ್ಚಿಕೊಂಡೆ. ಮನೆಯಲ್ಲಿ ಅಮ್ಮ 'ನಮ್ಮವರು' ಎಂದಾಗಲೆಲ್ಲ ನಾನು ನೀರು ಕುಡಿಯುವ ನೆವದಲ್ಲಿ ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಒಂದು ದಿನ ಮಾವ ಅಳತೆಗೆ ಹೋದಾಗ ಆ ನಟರು ಕೇಳಿದರು, "ನಿಮ್ಮಕ್ಕನ ಕೂದಲು ಈಗಲೂ ಕಪ್ಪಗೇ ಇದೆಯಾ?"

"ಎಲ್ಲಿಂದ ಸಾರ್. ಪೂರಾ ನೆರೆತಿದೆ. ಬಣ್ಣ ಹಾಕಿ ಕಟ್ತೀನಿ."

"ಹಾಗಾದ್ರೆ ಇನ್ನು ಬಣ್ಣ ಹಾಕಬೇಡಿ. ಅವರ ತಲೆ ಹೇಗಿದೆಯೋ ನಂದೂ ಹಾಗೇ ಇರಲಿ."

ನಾವಿಬ್ಬರೂ ಕೂತು ಬಿಳಿ ವಿಗ್ಗು ಕಟ್ಟಿದೆವು. ಅವರು ಅದನ್ನು ಇಟ್ಟುಕೊಂಡು ಕನ್ನಡಿಯ ಮುಂದೆ ಬಹಳ ಹೊತ್ತು ಕೂತರು. "ಇವನು ಯಾರು ಅಂತ ಈಗ ಗುರುತು ಸಿಕ್ತು" ಎಂದು ನಕ್ಕರು. ಅದನ್ನೇ ಹಾಕಿಕೊಂಡು ಯಾವುದೋ ಸಮಾರಂಭಕ್ಕೆ ಹೋದರು. ಮರುದಿನ ಪೇಪರಿನಲ್ಲಿ ಫೋಟೋ ಬಂತು.

ಅಮ್ಮ ಪೇಪರನ್ನು ತಟ್ಟೆಗಳ ಮಧ್ಯೆ ಹರಡಿಕೊಂಡು ಕೂತಳು. ಎದುರಿಗೆ ಮಾವ ಊಟ ಮಾಡುತ್ತಿದ್ದ. "ನೋಡೋ ಇದನ್ನ. ಯಾವನೋ ಕೆಲಸ ಬಾರದ ಮೇಕಪ್‌ನೋನು ಕೂದಲಿಗೆ ಬಿಳಿ ಬಳಿದು ನಮ್ಮವರನ್ನ ಮುದುಕನ್ನ ಮಾಡಿಟ್ಟಿದ್ದಾನೆ. ಅವನ ಕೈಗೇನು ರೋಗ ಬಂದಿತ್ತು?" ಮಾವ ಕಲಸಿದ್ದ ಅನ್ನವನ್ನೇ ಮತ್ತೆ ಕಲಸಿದ. ಅಪ್ಪ, "ವಯಸ್ಸಾಗಿದೆ ಕಣೇ ಅವರಿಗೆ. ನಮಗೇ ಆಗಿಲ್ವಾ?" ಎಂದರು. ಅಮ್ಮ ಪೇಪರನ್ನು ಮಡಚಿದಳು. "ಅದನ್ನೇ ನಾನೂ ಹೇಳ್ತಿರೋದು. ಅವರು ಮುದುಕರಾಗ್ಬಿಟ್ರೆ ನಾನೇನಾದೆ?" ಎಂದು ಕಣ್ಣೊರೆಸಿಕೊಂಡು ಎದ್ದುಹೋದಳು.

ಅಮ್ಮನಂಥವರು ಊರೂರಲ್ಲೂ ಇದ್ದರಲ್ಲ. ಯಾರ್ಯಾರೋ ಆ ನಟರ ಮನೆ ಬಾಗಿಲಿಗೇ ಹೋಗಿ ಅತ್ತರಂತೆ. ಕೆಲವು ದಿನದಲ್ಲಿ ಬಿಳಿ ವಿಗ್ಗು ಪೆಟ್ಟಿಗೆಯಲ್ಲಿ ವಾಪಸು ಬಂತು. "ಜನಕ್ಕೆ ಬೇಡವಂತೆ" ಎಂದು ಹೇಳಿಕಳಿಸಿದ್ದರು. ಮಾವ ಅದನ್ನು ಬೀರುವಿನಲ್ಲಿಟ್ಟು ಮತ್ತೆ ಕಪ್ಪು ಕಲಸಿದ. ಸಾರ್, ಇದನ್ನೇ ಹಾಕ್ಕೊಳ್ಳಿ, ಜನ ಒಗ್ಗಿಕೊಳ್ತಾರೆ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ಅವನೂ ಶಿಳ್ಳೆ ಹೊಡೆದವನೇ. ನನಗೆ ಮಾತ್ರ ಎಲ್ಲರ ಮೇಲೂ ಸಿಟ್ಟು ಬಂತು. ಇವರದ್ದು ಪ್ರೀತಿ, ಇಲ್ಲವೆನ್ನುವುದಿಲ್ಲ. ಆದರೆ ಒಬ್ಬ ಮನುಷ್ಯನಿಗೆ ಅವನ ಪಾಡಿಗೆ ಮುದುಕನಾಗಲೂ ಬಿಡದಂಥ ಪ್ರೀತಿ. ಹೊಸ ಕಪ್ಪು ವಿಗ್ಗು ಅವರ ಮನೆಗೆ ಹೋಯಿತು, ಆದರೆ ಅದನ್ನಿಟ್ಟುಕೊಂಡು ಅವರು ಹೊರಗೆ ಬಂದದ್ದು ಕಡಿಮೆ. ಸಿನಿಮಾ ನಿಂತಿತು. ಆಮೇಲೆ ಕಾಯಿಲೆ ಬಿದ್ದರು.

ಕೊನೆಯ ಸಲ ಕರೆಸಿದಾಗ ನಾನೂ ಹೋಗಿದ್ದೆ. ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದರು. ತಲೆ ಬರಿದಾಗಿತ್ತು. ಅವರ ಹೆಂಡತಿ ಪಕ್ಕದಲ್ಲಿ ಕೂತು ಕಾಲಿನ ಮೇಲಿನ ಹೊದಿಕೆ ಸರಿಮಾಡುತ್ತಿದ್ದರು.

"ನಿಮ್ಮಕ್ಕ ಹೇಗಿದ್ದಾರೆ?"

"ಚೆನ್ನಾಗಿದ್ದಾಳೆ ಸಾರ್. ನಿಮ್ಮದೇ ಯೋಚನೆ."

"ನಾನು ಹೋದಾಗ ಇದನ್ನ ಹಾಕಬೇಡಿ," ಎಂದು ಮೇಜಿನ ಮೇಲಿದ್ದ ಪೆಟ್ಟಿಗೆಯ ಕಡೆ ಕಣ್ಣು ಹಾಯಿಸಿದರು. "ಮಗ ಹಾಕಿ ಅಂತಾನೆ. ನೀವು ಹಾಕಬೇಡಿ. ಜನರ ಮುಂದೆ ಒಂದು ಸಲಾನೂ ಈ ತಲೆಗೆ ಗಾಳಿ ತಾಕಿಲ್ಲ."

"ಜನ ಬೈತಾರೆ ಸಾರ್."

"ಬೈಲಿ ಬಿಡಿ. ನನಗೇನು ಕೇಳಿಸುತ್ತಾ?" ಎಂದು ನಗಲು ಹೋಗಿ ಕೆಮ್ಮಿದರು. ಮಾವ ಅವರ ಕೈ ಹಿಡಿದು ಆಗಲಿ ಎಂದ.

ಬರುವಾಗ ಮಾವ ನಮ್ಮ ಬೀದಿಯ ತಿರುವಿನಲ್ಲಿ ನಿಂತು, "ಅಕ್ಕ ನೋಡೋಕೆ ಬಂದೇ ಬರ್ತಾಳೆ ಕಣೇ. ನಾನಲ್ಲಿ ಇದ್ದೂ ಅವರನ್ನ ಹಾಗೇ ಮಲಗಿಸಿದೆ ಅಂತ ಗೊತ್ತಾದ್ರೆ ನನ್ನ ಮುಖ ನೋಡಲ್ಲ. ನನಗಿರೋಳು ಅವಳೊಬ್ಬಳು" ಎಂದ. ಅಮ್ಮನ ಹಟ ನನಗೂ ಗೊತ್ತು.

ಸುದ್ದಿ ಬಂದದ್ದು ಬೆಳಿಗ್ಗೆ. ನಾನು ಲಾಂಡ್ರಿಗೆ ಓಡಿದೆ. ರೇಡಿಯೋ ಹೇಳುತ್ತಿತ್ತು, ಹೆಂಗಸರು ಬಟ್ಟೆಯ ಗಂಟುಗಳ ಮೇಲೆ ಕೂತು ಅಳುತ್ತಿದ್ದರು. ಅಮ್ಮ ಮಾತ್ರ ನಿಂತು ದಿಂಬಿನ ಚೀಲಕ್ಕೆ ಇಸ್ತ್ರಿ ಮಾಡುತ್ತಿದ್ದಳು. ಮಾಡಿದ್ದನ್ನೇ ಬಿಡಿಸಿ ಮತ್ತೆ ಮಾಡುತ್ತಿದ್ದಳು. "ಅಮ್ಮ, ಮನೆಗೆ ಹೋಗು. ಮಾವನಿಗೆ ತುರ್ತು ಕೆಲಸ ಬಂದಿದೆ, ನಾನು ಅವನ ಜೊತೆ ಹೋಗ್ಬೇಕು" ಎಂದೆ. ಅವಳು ನನ್ನನ್ನು ನೋಡಿದ ರೀತಿ ಮರೆಯುವಂಥದ್ದಲ್ಲ.

"ಇವತ್ತೂ ಕೆಲಸಾನಾ? ಅವನ ಎದೇಲಿ ಏನಿದೆ, ಮರಾನಾ?"

ನಟರ ಮನೆಯಲ್ಲಿ ಅವರ ಮಗ ಕಾಯುತ್ತಿದ್ದ. ಅವನ ಕಣ್ಣೂ ಕೆಂಪಾಗಿತ್ತು, ಕೆಟ್ಟವನೇನಲ್ಲ. "ಬೇಗ ಮುಗಿಸಿ. ಸಭಾಂಗಣದಲ್ಲಿ ಆಗಲೇ ಜನ ಸೇರಿದ್ದಾರೆ" ಎಂದ.

"ಅವರು ಬೇಡ ಅಂದಿದ್ರು" ಎಂದ ಮಾವ.

"ಕಾಯಿಲೇಲಿ ಏನೇನೋ ಅಂತಾರೆ. ಆ ಜನ ನೋಡೋಕೆ ಬಂದಿರೋದು ಯಾರನ್ನ? ಅಪ್ಪ ಅವರ ಕಣ್ಣಲ್ಲಿ ಹೇಗಿದ್ರೋ ಹಾಗೇ ಹೋಗ್ಲಿ. ಹಾಕಿ."

ಮಗ ಹೊರಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗೆ ನಾವಿಬ್ಬರು, ಗೋಡೆಯ ಪಕ್ಕದ ಕುರ್ಚಿಯಲ್ಲಿ ಅವರ ಹೆಂಡತಿ. ಮಾವ ಪೆಟ್ಟಿಗೆ ತೆರೆದ. ಕಪ್ಪು ವಿಗ್ಗನ್ನು ಅಂಗೈ ಮೇಲೆ ಇಟ್ಟುಕೊಂಡು ಬಾಚಿದ, ಆ ಬಳುಕನ್ನು ಬೆರಳಿನಿಂದ ತಿದ್ದಿದ. ಹಾಕಿಯೇ ಬಿಡುತ್ತಾನೆ ಎಂದುಕೊಂಡೆ. ಹಾಕಿದರೆ ಅಮ್ಮನ 'ನಮ್ಮವರು' ಉಳಿಯುತ್ತಿದ್ದರು, ಅವನಿಗೆ ಅಕ್ಕ ಉಳಿಯುತ್ತಿದ್ದಳು. ನಾನಾಗಿದ್ದರೆ ಹಾಕಿರುತ್ತಿದ್ದೆನೋ ಏನೋ. ಅವನು ಅವರ ನೆತ್ತಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ಆಮೇಲೆ ವಿಗ್ಗನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದ. ಅಂಟಿನ ಬಾಟಲಿ ತೆರೆಯಲೇ ಇಲ್ಲ.

ಬಾಗಿಲು ತೆಗೆದು ಮಗನಿಗೆ ಹೇಳಿದ, "ಅಂಟು ಹಿಡೀತಿಲ್ಲ. ಮೈ ತಣ್ಣಗಾದ ಮೇಲೆ ನನ್ನ ಕೈಲಿ ಆಗಲ್ಲ. ಬಲವಂತವಾಗಿ ಕೂರಿಸಿದ್ರೆ ಎತ್ಕೊಂಡು ಹೋಗೋವಾಗ ಜಾರುತ್ತೆ. ಅಷ್ಟು ಜನರ ಮುಂದೆ ಜಾರಿದ್ರೆ ಏನು ಮಾಡ್ತೀರ?"

ಮಗನ ಮುಖ ಬಿಳಿಚಿಕೊಂಡಿತು. ಜೀವಮಾನದಲ್ಲಿ ಒಂದೇ ಒಂದು ವಿಗ್ಗೂ ಜಾರದ ಮನುಷ್ಯ, ತನ್ನ ಕೆಲಸ ಜಾರುತ್ತದೆ ಎಂದು ತಾನೇ ಬಾಯಿಬಿಟ್ಟು ಹೇಳುತ್ತಿದ್ದ. ಅದು ಎಂಥ ಸುಳ್ಳೆಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಆದರೆ ಕುರ್ಚಿಯಲ್ಲಿ ಕೂತಿದ್ದವರು ಮುಚ್ಚಿದ ಬಾಟಲಿಯನ್ನು ನೋಡಿ, "ಬಿಡಪ್ಪ. ತಲೆಗೆ ಗಾಳಿ ಆಡ್ಲಿ" ಎಂದರು. ಮಗ ತನ್ನ ತಾಯಿಯ ಮಾತಿಗೆ ಎದುರಾಡಲಿಲ್ಲ.

ಸಭಾಂಗಣದ ಒಂದು ಕಂಬದ ಪಕ್ಕ ನಾವು ನಿಂತಿದ್ದೆವು. ಮಾವನ ಕೈಯಲ್ಲಿ ಆ ಪೆಟ್ಟಿಗೆ ಇನ್ನೂ ಇತ್ತು. ಬಾಗಿಲಿನಿಂದ ಅಳುತ್ತ ಬರುತ್ತಿದ್ದ ಸಾಲು ಅವರ ಹತ್ತಿರ ಬಂದ ಕೂಡಲೇ ಸುಮ್ಮನಾಗುತ್ತಿತ್ತು. "ಇವರೇನಾ?" ಎಂದು ಒಬ್ಬ ಪಿಸುಗುಟ್ಟಿದ. ಒಬ್ಬಾಕೆ ಮುಖ ತಿರುಗಿಸಿಕೊಂಡಳು. ವಯಸ್ಸಾದವರೊಬ್ಬರು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತರು. ಅವರ ಹಿಂದೆಯೇ ನಮ್ಮ ಗಿರಾಕಿ ಒಬ್ಬರಿದ್ದರು. ಅವರು ಸತ್ತವರ ತಲೆಯನ್ನು ನೋಡಿ, ಮಾವನನ್ನು ನೋಡಿ, ತಮ್ಮ ತಲೆಯನ್ನೊಮ್ಮೆ ಮುಟ್ಟಿಕೊಂಡು ಮುಂದೆ ಹೋದರು.

ಅಮ್ಮ ಲಾಂಡ್ರಿಯ ಗೆಳತಿಯರ ಜೊತೆ ಬಂದಳು. ಅವಳ ಕಾಲು ಅಲ್ಲೇ ನಿಂತಿತು. ಹಣೆಯಿಂದ ಹಿಂದಲೆಯವರೆಗೆ ಆ ಬರಿದಾದ ತಲೆಯನ್ನು ನೋಡಿದಳು. ಹಿಂದಿನವರು ತಳ್ಳುತ್ತಿದ್ದರೂ ಅಲುಗಲಿಲ್ಲ. ಒಂದು ಹನಿ ಕಣ್ಣೀರು ಬರಲಿಲ್ಲ. ತಲೆಯೆತ್ತಿದಾಗ ಕಂಬದ ಪಕ್ಕದ ತಮ್ಮ ಕಂಡ, ಅವನ ಕೈಯ ಪೆಟ್ಟಿಗೆ ಕಂಡಿತು. ಅದು ಎಂಥ ಪೆಟ್ಟಿಗೆಯೆಂದು ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಅಲ್ಲಿಂದ ನೇರ ಹೊರಗೆ ನಡೆದಳು.

ಅಮ್ಮ ಮಾವನ ಜೊತೆ ಮಾತು ಬಿಟ್ಟಳು. ಅವನು ಊಟಕ್ಕೆ ಬಂದರೆ ತಟ್ಟೆ ಇಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಕೆಲವು ದಿನ ಹಾಗೇ ಉಂಡ, ಆಮೇಲೆ ಬರುವುದನ್ನೇ ಬಿಟ್ಟ. ಅಪ್ಪ ಡಬ್ಬಿ ಹಿಡಿದುಕೊಂಡು ಅಂಗಡಿಗೆ ಓಡಾಡತೊಡಗಿದರು. "ಈ ವಯಸ್ಸಲ್ಲಿ ನನಗೆ ಡಬ್ಬಿ ಹೊರೋ ಕೆಲಸ ಸಿಕ್ತು ನೋಡು" ಎನ್ನುತ್ತಿದ್ದರು. ನಗುವವರು ಯಾರೂ ಇರಲಿಲ್ಲ. ಗೋಡೆಗೆ ಹಾಕಿದ್ದ ಆ ನಟರ ಫೋಟೋವನ್ನು ಅಮ್ಮ ತೆಗೆಯಲಿಲ್ಲ, ಅದರ ಕಡೆ ನೋಡಲೂ ಇಲ್ಲ. ನಡೆದದ್ದನ್ನು ಹೇಳಿಬಿಡುತ್ತೇನೆ ಎಂದು ನಾನು ಹಾರಾಡಿದೆ. ಮಾವ ಬಿಡಲಿಲ್ಲ. "ಅವಳಾಗಿ ಕೇಳ್ಲಿ. ಕೇಳದೇ ಹೇಳಿದ್ರೆ ನೆಪ ಅಂದ್ಕೋತಾಳೆ." ದಿನದಿನಕ್ಕೆ ಅವನು ಸೊರಗುವುದು ನನಗೆ ಕಾಣುತ್ತಿತ್ತು. ಸೂಜಿ ಹಿಡಿದರೆ ಗಂಟು ಬೀಳುತ್ತಿರಲಿಲ್ಲ, ಒಮ್ಮೆ ಬೇರು ತುದಿ ಅದಲುಬದಲು ಮಾಡಿ ಇಡೀ ಒಂದು ವಿಗ್ಗು ಹಾಳು ಮಾಡಿದ. ಅವನ ಕೈಯಲ್ಲಿ ಅಂಥ ತಪ್ಪನ್ನು ನಾನು ಎಂದೂ ಕಂಡಿರಲಿಲ್ಲ.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಅಂಗಡಿ ಬಾಗಿಲು ತಳ್ಳಿಕೊಂಡು ಅಮ್ಮ ಬಂದಳು. ನನ್ನನ್ನೂ ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ಸ್ಟೂಲಿನ ಮೇಲೆ ಕೂತು ಗೋಡೆಗೆ ಹೇಳಿದಳು, "ಸೆಕೆ. ಕತ್ತರಿಸು."

ಮಾವ ಅವಳ ಹೆಗಲಿಗೆ ಬಟ್ಟೆ ಹೊದಿಸಿದ. ಮೆಲ್ಲಗೆ ಬಾಚಿ, ಕತ್ತರಿ ಆಡಿಸಿ, ಕತ್ತರಿಸಿದ್ದನ್ನು ಕಾಗದದ ಮೇಲಿಟ್ಟು ಅಭ್ಯಾಸಬಲದಿಂದ ಕೆಂಪು ದಾರ ಎತ್ತಿಕೊಂಡ.

"ಇನ್ನೂ ಯಾಕೆ ಕಟ್ತೀಯ? ಯಾವ ಕಳ್ಳನಿಗೆ ಮೀಸೆ ಬೇಕಾಗಿದೆ?" ಎಂದಳು ಅಮ್ಮ. ತಿಂಗಳುಗಟ್ಟಲೆ ಆಡದಿದ್ದ ಮಾತು ಅಲ್ಲಿಂದ ಹರಿಯಿತು. "ನಿನ್ನ ಕೈಲಿ ಪೆಟ್ಟಿಗೆ ಇತ್ತು. ಇದ್ದೂ ಹಾಕ್ಲಿಲ್ಲ. ಅಷ್ಟು ಜನ ಅವರನ್ನ ನೋಡಿ ಪಿಸಪಿಸ ಅಂತಿದ್ರು. ನನ್ನ ತಮ್ಮ ನೋಡ್ಕೊಂಡು ನಿಂತಿದ್ದ."

"ಅವರೇ ಬೇಡ ಅಂದಿದ್ರು ಅಕ್ಕ. ಕೈ ಹಿಡ್ದು ಆಗ್ಲಿ ಅಂದಿದ್ದೆ. ಅವರ ಮಗ ಹಾಕು ಅಂದ್ರೂ ನಾನು ಹಾಕ್ಲಿಲ್ಲ."

ಅಮ್ಮ ಸ್ಟೂಲಿನಲ್ಲೇ ಅವನ ಕಡೆ ತಿರುಗಿದಳು. "ಯಾವಾಗಿಂದ ಇತ್ತು ವಿಗ್ಗು?"

"ನಿನ್ನ ಮಗಳು ಹುಟ್ಟೋಕೆ ಮುಂಚಿಂದ."

"ಅಂದ್ರೆ ಇಷ್ಟು ವರ್ಷ ನಾನು ಯಾರದೋ ಸತ್ತವರ ಕೂದಲು, ಯಾರದೋ ಇದ್ದವರ ಕೂದಲು ನೋಡಿ ಕುಣಿದಿದ್ದು. ಲಾಂಡ್ರೀಲಿ ಜಗಳ ಆಡಿದ್ದು. ನೀನೂ ಅವರೂ ಸೇರ್ಕೊಂಡು ನನ್ನ ಚೆನ್ನಾಗಿ ಪೆದ್ದಿ ಮಾಡಿದ್ರಿ."

ಮಾವ ಬೀರು ತೆರೆದು ಹಳೆಯ ಪೆಟ್ಟಿಗೆ ತಂದ. ಬಿಳಿ ವಿಗ್ಗನ್ನು ತೆಗೆದು ಅಮ್ಮನ ಮಡಿಲಲ್ಲಿಟ್ಟ. ಅದರ ಪಕ್ಕದಲ್ಲಿ ಈಗಷ್ಟೇ ಕತ್ತರಿಸಿದ ಕೂದಲನ್ನಿಟ್ಟ.

ಅದೇ ಬಿಳುಪು. ಅದೇ ಒರಟು. ಎರಡೂ ಎಡಕ್ಕೆ ಬಳುಕಿ ಮಲಗಿದ್ದವು.

ಅಮ್ಮ ಒಂದನ್ನು ಮುಟ್ಟಿದಳು, ಇನ್ನೊಂದನ್ನು ಮುಟ್ಟಿದಳು. ಕೈಯನ್ನು ತನ್ನ ಕುತ್ತಿಗೆಯ ಹಿಂದೆ, ಕತ್ತರಿಸಿ ಉಳಿದ ಕೂದಲಿನ ಮೇಲೆ ಇಟ್ಟುಕೊಂಡಳು. "ಇದು ಪೇಪರಿನಲ್ಲಿ ಬಂದಿದ್ದಲ್ವಾ?" ಎಂದಳು.

"ಹೌದು. ನಿಂದೇ. ಮೊದಲನೇದರಿಂದ ಕೊನೇದರ ತನಕ ಎಲ್ಲಾ ನಿಂದೇ."

"ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ನಾನು ಹೋದಾಗೆಲ್ಲ, ನಿಮ್ಮಕ್ಕ ಹೇಗಿದ್ದಾರೆ ಅಂತ ಕೇಳೋರು. ನಿನ್ನ ತಲೆ ನೆರೆತಿದೆ ಅಂತ ತಿಳ್ಕೊಂಡೇ ಈ ಬಿಳೀದು ಕಟ್ಟಿಸ್ಕೊಂಡ್ರು. ಅವರ ತಲೆ ಹೇಗಿದೆಯೋ ನಂದೂ ಹಾಗೇ ಇರಲಿ ಅಂದ್ರು."

ಅಮ್ಮ ವಿಗ್ಗನ್ನು ಎರಡು ಕೈಯಲ್ಲಿ ಎತ್ತಿಕೊಂಡಳು. ಅವತ್ತು ಲಾಂಡ್ರಿಯಲ್ಲಿ ಬಾರದ ಅಳು, ಸಭಾಂಗಣದಲ್ಲಿ ಬಾರದ ಅಳು, ಈಗ ಬಂತು. ಮಾವ ಅವಳ ಮುಂದೆ ನೆಲದಲ್ಲಿ ಕೂತ. ಅವಳು ಅವನ ಹೆಗಲು ಹಿಡಿದು ಬಹಳ ಹೊತ್ತು ಅತ್ತಳು.

"ಒಂದು ಮಾತು ಹೇಳಬಾರದಿತ್ತೇನೋ ನನಗೆ?" ಎಂದಳು ಕೊನೆಗೆ. "ಬಟ್ಟೆ ಸೋಪು ಹಾಕಿ ತೊಳೀತಿದ್ದೆನಲ್ಲೋ."